ಶೇಕಡಾ ಹದಿನಾಲ್ಕು

ಫೆಬ್ರುವರಿ 3, 2005, ಗುರುವಾರ

ಕಂಪ್ಯೂಟರ್ ಕೆಲಸದಲ್ಲಿರುವಾಗ ಅದನ್ನು ಮುಟ್ಟಬಾರದಂತೆ. ಮೌಸ್ ಅಲ್ಲಾಡಿಸಿದರೂ ನಿಧಾನವಾಗುತ್ತದಂತೆ. ಅಂಗಡಿಯವನು ಹೇಳಿದ್ದು. ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ, ಅದಕ್ಕೇ ಈ ನೋಟ್‌ಬುಕ್ ತೆಗೆದು ಬರೆಯುತ್ತಿದ್ದೇನೆ. ಮೂವತ್ತೆಂಟು ವರ್ಷ ಹಾಲಿನ ಡೈರಿಯಲ್ಲಿ ಯಂತ್ರ ನೋಡಿಕೊಂಡವನು ನಾನು, ಐನಾರ್ ಕೆಲ್ಡ್‌ಸನ್. ಅಷ್ಟು ವರ್ಷದಲ್ಲಿ ಯಾವ ಬೆಣ್ಣೆ ಕಡೆಯುವ ಯಂತ್ರವೂ ನನಗೆ 'ದಯವಿಟ್ಟು ಕಾಯಿರಿ' ಎಂದು ಹೇಳಿರಲಿಲ್ಲ. ಇದು ದಿನವಿಡೀ ಅದನ್ನೇ ಹೇಳುತ್ತದೆ.

ಮಾರ್ಚ್ ಹನ್ನೆರಡಕ್ಕೆ ನನಗೂ ಆಸ್ತಾಗೂ ಮದುವೆಯಾಗಿ ಐವತ್ತು ವರ್ಷ. ಅಂದು ಸಂಜೆ ಊರಿನ ಸಭಾಭವನದಲ್ಲಿ ಎಂಬತ್ತು ಜನಕ್ಕೆ ಊಟ, ಊಟವಾದ ಮೇಲೆ ನಾನು ತೆಗೆದ ವಿಡಿಯೊ. ಹದಿನೇಳು ವರ್ಷದ ಕ್ಯಾಸೆಟ್‌ಗಳು, ಒಟ್ಟು ಇಪ್ಪತ್ತೆರಡು ಗಂಟೆ. ಅದರಲ್ಲಿ ಮೂರು ಗಂಟೆಯದನ್ನು ಆರಿಸಿ ಡಿಸ್ಕಿಗೆ ಹಾಕುತ್ತಿದ್ದೇನೆ. ಸೋಮವಾರ ಮಧ್ಯಾಹ್ನ ಶುರು ಮಾಡಿದ್ದು, ನಿನ್ನೆ ಊಟದ ಹೊತ್ತಿಗೆ ಶೇಕಡಾ ಹದಿನಾಲ್ಕು.

ಆ ಊಟದಲ್ಲೇ ಎಡವಟ್ಟಾಯಿತು. ಆಸ್ತಾ ಏನೋ ಕೇಳಿದಳು, ನಾನು "ಹದಿನಾಲ್ಕು ಪರ್ಸೆಂಟ್" ಎಂದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಅವಳು ಕೇಳಿದ್ದು, ನಾಳೆ ಥಿಸ್ಟೆಡ್‌ನಲ್ಲಿ ಕಣ್ಣಿನ ಪೊರೆ ತೆಗೆಯುತ್ತಾರೆ, ಕಾರಿನಲ್ಲಿ ಕರೆದುಕೊಂಡು ಹೋಗ್ತೀಯಾ ಎಂದಂತೆ. ಮೂರು ಸಲ ಕೇಳಿದಳಂತೆ. ಮೂರಕ್ಕೂ ನಾನು ಅದೇ ಉತ್ತರ ಕೊಟ್ಟೆನಂತೆ.

ಬೆಳಿಗ್ಗೆ ಥಿಸ್ಟೆಡ್ ಪಟ್ಟಣದಲ್ಲೇ ಇರುವ ಅವಳ ಅಕ್ಕ ರಿಗ್ಮೋರ್ ಕಾರು ತಂದು ಕರೆದುಕೊಂಡು ಹೋದಳು. ಚೀಲ ಸ್ವಲ್ಪ ದೊಡ್ಡದೇ ಇತ್ತು. ಅಕ್ಕನ ಮನೆಯಲ್ಲಿ ಮೂರು ದಿನ ಇರಲು ಅಷ್ಟು ಬಟ್ಟೆ ಯಾಕೋ.

ಫೆಬ್ರುವರಿ 7, ಸೋಮವಾರ

ಶೇಕಡಾ ಮೂವತ್ತೊಂದು. ತೆರೆಯ ಮೇಲೆ ಮೀನುಗಳು ಈಜಾಡುತ್ತಿದ್ದವು, ಕಂಪ್ಯೂಟರಿನ ಶಕ್ತಿಯನ್ನೆಲ್ಲ ಅವೇ ತಿನ್ನುತ್ತವೆಂದು ತಿಳಿದು ತೆಗೆದುಹಾಕಿದೆ. ಗಡಿಯಾರವನ್ನೂ ತೆಗೆದೆ. ಇಸ್ಪೀಟಾಟವನ್ನೂ ಅಳಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಇದ್ದಲ್ಲೇ ಇದೆ.

ಆಸ್ತಾಗೆ ಫೋನ್ ಮಾಡಿದೆ. ಕಣ್ಣು ಚೆನ್ನಾಗಿದೆಯಂತೆ.

"ಮತ್ತೆ, ಯಾವಾಗ ಬರ್ತೀಯಾ?"

"ನಿಂದು ಮುಗೀತಾ?"

"ಮೂವತ್ತೊಂದಕ್ಕೆ ಬಂದಿದೆ."

ಫೋನ್ ಇಟ್ಟುಬಿಟ್ಟಳು. ಹದಿನಾಲ್ಕರಿಂದ ಮೂವತ್ತೊಂದು ಎಂದರೆ ಎರಡರಷ್ಟಕ್ಕಿಂತ ಹೆಚ್ಚು. ಒಂದು ಒಳ್ಳೆಯ ಮಾತಾಡಬಹುದಿತ್ತು.

ಮೂರು ಹೊತ್ತೂ ರೈ ಬ್ರೆಡ್ಡು, ಉಪ್ಪಿನಕಾಯಿ ಹಾಕಿದ ಹೆರಿಂಗ್ ಮೀನು. ಕಂಪ್ಯೂಟರಿನ ಸುತ್ತ ಎಂಟು ಮೇಣದಬತ್ತಿ ಹಚ್ಚಿಕೊಂಡು ಕೂತಿದ್ದೇನೆ. ಬೇಗನೆ ಕತ್ತಲಾಗುವ ಫೆಬ್ರುವರಿಯಲ್ಲಿ ಬತ್ತಿಯಿಲ್ಲದೆ ಕೂರುವುದು ಜೈಲಿನವರಿಗೆ ಸರಿ.

ಫೆಬ್ರುವರಿ 10, ಗುರುವಾರ

ಶೇಕಡಾ ಅರವತ್ತೆರಡಕ್ಕೆ ಬಂದು ತಾನಾಗಿಯೇ ಆರಿಹೋಯಿತು. ಮತ್ತೆ ಹಚ್ಚಿದರೆ ಸೊನ್ನೆ.

ಸೊನ್ನೆ!

ಫೆಬ್ರುವರಿ 12, ಶನಿವಾರ

ಪಕ್ಕದ ಮನೆಯ ವಿಲ್ಲಿ ಬಂದಿದ್ದ. ನಮ್ಮ ಮುಂಬಾಗಿಲಿನ ಕೀಲು ನೋಡುವ ನೆಪದಲ್ಲಿ ಕೋಟಿನ ಒಳಗಿಂದ ಅಳತೆಪಟ್ಟಿ ತೆಗೆದು ಚೌಕಟ್ಟು ಅಳೆದ. ನಾನು ಚಾವಣಿ ನೋಡುತ್ತ ನಿಂತೆ. ಮದುವೆಗೆ ಐವತ್ತು ತುಂಬಿದ ದಿನ ಬೆಳಿಗ್ಗೆ ನೆರೆಹೊರೆಯವರು ಬಾಗಿಲಿಗೆ ಸ್ಪ್ರೂಸ್ ಮರದ ಸೊಪ್ಪಿನ ಕಮಾನು ಕಟ್ಟಿ, ತುತ್ತೂರಿ ಊದಿ, ಹಾಡಿ ಗಂಡಹೆಂಡತಿಯನ್ನು ಎಬ್ಬಿಸುತ್ತಾರೆ. ನಮಗೆ ಏನೂ ಗೊತ್ತಿಲ್ಲದ ಹಾಗೆ ಇಬ್ಬರೂ ನಿದ್ದೆಗಣ್ಣಲ್ಲಿ ಬಾಗಿಲು ತೆರೆದು ಆಶ್ಚರ್ಯಪಡಬೇಕು. ಈ ಬೀದಿಯ ಎಲ್ಲರ ಮನೆಯಲ್ಲೂ ನಾನು ಹಾಡಿದ್ದೇನೆ.

"ಆಸ್ತಾ ಎಲ್ಲಪ್ಪಾ?" ಎಂದ ವಿಲ್ಲಿ.

"ಸ್ನಾನ ಮಾಡ್ತಿದ್ದಾಳೆ."

ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಬಂತು.

ಫೆಬ್ರುವರಿ 15, ಮಂಗಳವಾರ

ಮೂರು ಗಂಟೆಯ ಹೊರೆ ಈ ಯಂತ್ರಕ್ಕೆ ಹೆಚ್ಚಾಯಿತು, ಎರಡಕ್ಕೆ ಇಳಿಸೋಣ ಎಂದು ಕೂತೆ. ಇಳಿಸಬೇಕಾದರೆ ಎಲ್ಲವನ್ನೂ ಇನ್ನೊಮ್ಮೆ ನೋಡಬೇಕು. ನೋಡೋಣವೆಂದರೆ ಚಿತ್ರ ಓಡುವುದಿಲ್ಲ, ಕುಂಟುತ್ತದೆ. ಒಂದು ಚಿತ್ರ ಬಂದು ನಿಂತರೆ ಮುಂದಿನದು ಬರಲು ನಾಲ್ಕು ಸೆಕೆಂಡು. ಮಾತು ಮಾತ್ರ ಮುಂದೆ ಓಡಿಹೋಗಿರುತ್ತದೆ.

1991ರ ಕ್ಯಾಸೆಟ್. ಸೇತುವೆಯ ಬಳಿ ಬುತ್ತಿ ಕಟ್ಟಿಕೊಂಡು ಹೋಗಿದ್ದೆವು. ಮೊದಲ ಚಿತ್ರದಲ್ಲಿ ಆಸ್ತಾ ಕಾಫಿ ಫ್ಲಾಸ್ಕ್ ಹಿಡಿದು ನನ್ನ ಕಡೆ ತಿರುಗಿ ನಗುತ್ತಿದ್ದಾಳೆ. ಎರಡರಲ್ಲೂ ನಗು, ಮೂರರಲ್ಲೂ ನಗು. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ನನ್ನ ಧ್ವನಿ: "ಆಸ್ತಾ, ಆಚೆ ಸರಿ, ಸೇತುವೆ ಕಾಣಿಸ್ತಿಲ್ಲ." ಐದನೆಯದರಲ್ಲಿ ಬಾಯಿ ನಗುತ್ತಿದೆ, ಕಣ್ಣು ನಗುತ್ತಿಲ್ಲ. ಏಳರಲ್ಲಿ ಬಾಯಿಯೂ ಇಲ್ಲ. ಒಂಬತ್ತರಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಪುತ್ತಿದ್ದಾಳೆ. ಹತ್ತರಲ್ಲಿ ಆಸ್ತಾಳೇ ಇಲ್ಲ. ಹನ್ನೊಂದರಿಂದ ಸೇತುವೆ. ಸೇತುವೆ ಚೆನ್ನಾಗಿ ಬಂದಿದೆ.

ಇದನ್ನು ಎಷ್ಟೋ ಸಲ ಟೀವಿಯಲ್ಲಿ ಹಾಕಿ ಜನಕ್ಕೆ ತೋರಿಸಿದ್ದೇನೆ. ಒಮ್ಮೆಯೂ ಹೀಗೆ ಕಂಡಿರಲಿಲ್ಲ. ಕ್ಯಾಸೆಟ್ ಕೆಟ್ಟಿರಬೇಕು.

ಫೆಬ್ರುವರಿ 16, ಬುಧವಾರ

ಕ್ಯಾಸೆಟ್ ಒರೆಸಿ ಮತ್ತೆ ನೋಡಿದೆ. ಕ್ಯಾಸೆಟ್ ಸರಿಯಾಗಿಯೇ ಇದೆ.

ಫೆಬ್ರುವರಿ 20, ಭಾನುವಾರ

ವಿಲ್ಲಿ ಮತ್ತೆ ಬಂದ. ಈ ಸಲ ಎತ್ತರ ಅಳೆಯುವುದಿತ್ತು.

"ಆಸ್ತಾ?"

"ಸ್ನಾನ."

"ಹೋದ ಶನಿವಾರನೂ ಸ್ನಾನ, ಇವತ್ತೂ ಸ್ನಾನ! ಲೋ ಐನಾರ್, ಎಂಟು ದಿನದಿಂದ ನೀರಲ್ಲಿ ಬಿಟ್ಟಿದ್ಯಲ್ಲೋ, ಉಬ್ಬಿಹೋದ್ರೆ ನನ್ನ ಕಮಾನೊಳಗೆ ಹಿಡಿಸ್ತಾಳಾ?"

ನಕ್ಕೆ. ನಗುವುದು ಬಿಟ್ಟು ಬೇರೇನು ಮಾಡಲಿ? ಕಣ್ಣು ನಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ವಿಲ್ಲಿ ಗಮನಿಸಲಿಲ್ಲ.

ಫೆಬ್ರುವರಿ 24, ಗುರುವಾರ

ಇಪ್ಪತ್ತೆರಡು ಗಂಟೆಯನ್ನೂ ಕುಂಟುತ್ತ ಕುಂಟುತ್ತ ನೋಡಿ ಮುಗಿಸಿದೆ. ಒಂಬತ್ತು ದಿನ ಹಿಡಿಯಿತು. ಪಟ್ಟಿ ಮಾಡಿಕೊಂಡಿದ್ದೇನೆ. ಡೈರಿಯ ಯಂತ್ರಗಳು, ಮೂರು ಗಂಟೆ. ಹುಟ್ಟುಹಬ್ಬದ ದಿನಗಳಲ್ಲಿ ತೋಟದ ಕಂಬಕ್ಕೆ ಬಾವುಟ ಏರಿಸುವುದು, ಎರಡು ಗಂಟೆ ಹತ್ತು ನಿಮಿಷ. ಆಸ್ತಾಳ ಹುಟ್ಟುಹಬ್ಬದ್ದೂ ಹದಿನೇಳು ಬಾವುಟ ಇವೆ. ಹುಟ್ಟುಹಬ್ಬದವಳು ಒಂದರಲ್ಲೂ ಇಲ್ಲ, ಅಡುಗೆಮನೆಯಲ್ಲಿ ಕೇಕ್ ಮಾಡುತ್ತಿದ್ದಳು. ಉಳಿದದ್ದು ಸೇತುವೆ, ದೋಣಿ, ಟ್ರ್ಯಾಕ್ಟರ್, ಇತರರ ಮಕ್ಕಳು.

ಆಸ್ತಾ, ಹನ್ನೊಂದು ನಿಮಿಷ. ಅದರಲ್ಲಿ ಆರು ನಿಮಿಷ ಅವಳು ಚೌಕಟ್ಟಿನಿಂದ ಆಚೆ ಹೋಗುತ್ತಿರುವುದು.

ಇನ್ನೊಂದು ಸಿಕ್ಕಿತು. 1994ರ ಬೇಸಿಗೆ. ನಾನು ತೋಟದ ಕುರ್ಚಿಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದೇನೆ. ನಾಲ್ಕು ನಿಮಿಷ. ಒಂದು ಮಾತಿಲ್ಲ. ಕ್ಯಾಮೆರಾ ಒಂದಿಷ್ಟೂ ಅಲುಗಿಲ್ಲ. ಕ್ಯಾಮೆರಾ ಹಿಡಿಯುವುದು ನಿನಗೆ ಬರುವುದಿಲ್ಲ ಎಂದು ನಾನೇ ಅವಳಿಗೆ ಹೇಳಿದ್ದೆ.

ಇದನ್ನು ಮತ್ತೆ ಮತ್ತೆ ನೋಡುತ್ತ ಎರಡು ಗಂಟೆ ಕಳೆಯಿತು. ಬೇರೆ ಕೆಲಸವೇನೂ ಇರಲಿಲ್ಲ.

ಮಾರ್ಚ್ 1, ಮಂಗಳವಾರ

ಆಸ್ತಾಳೇ ಫೋನ್ ಮಾಡಿದಳು.

"ಹನ್ನೆರಡಕ್ಕೆ ಜನ ಬಂದು ಹಾಡ್ತಾರಲ್ಲ," ಎಂದಳು. "ನಾನಿರಲ್ಲ. ವಿಲ್ಲಿಗೆ ನೀನೇ ಹೇಳ್ಬಿಡು. ಸಭಾಭವನದವರಿಗೂ ಹೇಳು."

"ಇರಲ್ಲ ಅಂದ್ರೆ?"

"ಇರಲ್ಲ ಅಂದ್ರೆ ಇರಲ್ಲ. ಐವತ್ತು ವರ್ಷ ಜೊತೆಗಿದ್ರು ಅಂತ ಹಾಡ್ತಾರೆ. ಜೊತೆಗೆ ಅಂದ್ರೆ ಏನು ಐನಾರ್? ಇಲ್ಲಿ ರಿಗ್ಮೋರ್ ಜಗಳ ಆಡ್ತಾಳೆ, ಆದ್ರೆ ನಾನು ಹೇಳಿದ್ದು ಕೇಳಿಸ್ಕೊಂಡು ಜಗಳ ಆಡ್ತಾಳೆ."

ನಾನು ಏನೋ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಂಪ್ಯೂಟರ್ ಟುಂಯ್ ಎಂದಿತು. ಅವಳಿಗೂ ಕೇಳಿಸಿತು.

"ಹೋಗು, ಕರೀತಿದೆ," ಎಂದು ಇಟ್ಟಳು.

ಎರಡು ಗಂಟೆಗೆ ಇಳಿಸಿ ಶುರು ಮಾಡಿದ್ದೂ ಮತ್ತೆ ಆರಿಹೋಗಿತ್ತು. ಈ ಸಲ ಶೇಕಡಾ ಎಪ್ಪತ್ತು. ಎಪ್ಪತ್ತಾದರೇನು, ಏಳಾದರೇನು. ವಿಲ್ಲಿಗೆ ಹೇಳಲು ಹೋದೆ. ಅವನು ಕೊಟ್ಟಿಗೆಯಲ್ಲಿ ಮಂಡಿಯೂರಿ ಕಮಾನಿಗೆ ಹಾಕುವ ಹಲಗೆಯ ಐದಕ್ಕೂ ಸೊನ್ನೆಗೂ ಚಿನ್ನದ ಬಣ್ಣ ಬಳಿಯುತ್ತಿದ್ದ. ನನ್ನನ್ನು ಕಂಡು ಗೋಣಿ ಮುಚ್ಚಿದ. ಹೇಳದೆ ಬಂದೆ.

ಮಾರ್ಚ್ 4, ಶುಕ್ರವಾರ

ವರ್ಷಕ್ಕೊಮ್ಮೆ ಚಿಮಣಿ ಗುಡಿಸಲು ಬರುವ ಬೋಡಿಲ್ ಬಂದಳು. ಕರಿ ಉಡುಪು, ಕರಿ ಟೋಪಿ, ಕೈಯಲ್ಲಿ ಅವಳಿಗಿಂತ ಉದ್ದದ ಕುಂಚ. ಚಾವಣಿಯ ಕೆಲಸ ಮುಗಿಸಿ ಒಳಗೆ ಬಂದವಳು ಮೂಗೇರಿಸಿದಳು.

"ಯಜಮಾನ್ರೇ, ಈ ಕೋಣೇಲಿ ಯಾವ ಒಲೆ ಉರೀತಿದೆ?"

"ಇಲ್ಲಿ ಒಲೆ ಎಲ್ಲಿದೆ?"

"ಮಸಿ ವಾಸನೆ ಬರ್ತಿದೆ. ಮೂವತ್ತು ವರ್ಷದ ಮೂಗು ಇದು, ಸುಳ್ಳು ಹೇಳಲ್ಲ."

ನಾಯಿಯ ಹಾಗೆ ಮೂಸುತ್ತ ಬಂದು ಕಂಪ್ಯೂಟರಿನ ಮುಂದೆ ನಿಂತಳು. ಎಂಟು ಮೇಣದಬತ್ತಿಗಳನ್ನು ನೋಡಿದಳು. "ಇದೇನಿದು, ಕಂಪ್ಯೂಟರ್ ತೀರಿಕೊಂಡಿದೆಯಾ?"

ತಿರುಪುಳಿ ಕೇಳಿದಳು, ಕೊಟ್ಟೆ. ಪಕ್ಕದ ಹಲಗೆ ತೆಗೆದರೆ ದೇವರೇ, ಒಳಗೆ ಎಲ್ಲವೂ ಕರ್ರಗೆ. ಫ್ಯಾನಿನ ರೆಕ್ಕೆಗಳು ಮಸಿ, ಮೇಣದ ಜಿಡ್ಡು, ಉಣ್ಣೆಯ ಎಳೆ ಎಲ್ಲ ಮೆತ್ತಿಕೊಂಡು ಒಂದು ಮುದ್ದೆಯಾಗಿದ್ದವು. ಅಕ್ಟೋಬರಿನಿಂದ ದಿನಕ್ಕೆ ಎಂಟು ಬತ್ತಿ. ಹೊಗೆಯನ್ನೆಲ್ಲ ಇದೇ ಕುಡಿದಿದೆ.

"ಪಾಪ, ಉಸಿರಾಡಿ ಎಷ್ಟು ದಿನ ಆಯ್ತೋ," ಎಂದಳು ಬೋಡಿಲ್. "ಬಿಸಿ ಜಾಸ್ತಿಯಾದ್ರೆ ಇವು ತಾವೇ ನಿಧಾನ ಮಾಡ್ಕೊಳ್ತವೆ, ಜೀವ ಉಳಿಸ್ಕೊಳ್ಳೋಕೆ. ಅದಕ್ಕೂ ಆಗ್ದೆ ಹೋದ್ರೆ ಆರಿಹೋಗ್ತವೆ. ಇಷ್ಟು ದಿನ ಇದನ್ನ ಬೈಕೊಂಡು ಕೂತಿದ್ರಾ?"

ಬೈದಿದ್ದೆ. ಯಂತ್ರದವನು ಎಂದು ಎದೆ ತಟ್ಟಿಕೊಳ್ಳುವ ನಾನು ಒಂದು ಸಲವೂ ಮುಚ್ಚಳ ತೆಗೆದು ನೋಡಿರಲಿಲ್ಲ. ಡೈರಿಯಲ್ಲಿ ಯಾವನಾದರೂ ಹೀಗೆ ಮಾಡಿದ್ದರೆ ನಾನೇ ಅವನನ್ನು ಹೊರಗೆ ಕಳಿಸುತ್ತಿದ್ದೆ.

ಸಣ್ಣ ಕುಂಚದಿಂದ ಗುಡಿಸುತ್ತ, "ಅಮ್ಮ ಎಲ್ಲಿ? ಕಾಫಿ ಅವರೇ ಕೊಡೋದಲ್ವಾ?" ಎಂದು ಕೇಳಿದಳು. ಸ್ನಾನ ಎನ್ನಲು ಬಾಯಿ ತೆರೆದೆ.

"ಅಕ್ಕನ ಮನೇಲಿದ್ದಾಳೆ. ಬರಲ್ಲ ಅಂದಿದ್ದಾಳೆ," ಎಂದುಬಿಟ್ಟೆ.

"ನೀವು ಹೋಗಿ ಕರೆದ್ರಾ?"

"ಡಿಸ್ಕ್ ಆಗ್ಲಿ ಅಂತ ಕಾಯ್ತಿದ್ದೆ."

"ಡಿಸ್ಕ್ ಹೋಗಿ ಕರೆಯುತ್ತಾ?"

ಕಾಫಿ ನಾನೇ ಮಾಡಿದೆ. ಅದು ಕಾಫಿಯಂತಿರಲಿಲ್ಲ. ಪುಣ್ಯಾತ್ಗಿತ್ತಿ, ಪೂರ್ತಿ ಕುಡಿದಳು.

ಮಾರ್ಚ್ 8, ಮಂಗಳವಾರ

ಯಂತ್ರ ಈಗ ಕುದುರೆಯ ಹಾಗೆ ಓಡುತ್ತದೆ. ಬಾವುಟ ತೆಗೆದೆ, ಯಂತ್ರಗಳನ್ನು ತೆಗೆದೆ, ಸೇತುವೆ ತೆಗೆದೆ. ಹನ್ನೊಂದು ನಿಮಿಷವೂ ಆ ನಾಲ್ಕು ನಿಮಿಷವೂ ಉಳಿದವು. ಅಷ್ಟನ್ನೇ ಡಿಸ್ಕಿಗೆ ಹಾಕಿದೆ. ಅರ್ಧ ಗಂಟೆಯೊಳಗೆ ನೂರಕ್ಕೆ ನೂರು. ನಂಬಲಾಗದೆ ಎರಡು ಸಲ ಗಡಿಯಾರ ನೋಡಿದೆ.

ನನ್ನ ಧ್ವನಿ ತೆಗೆದು ಅಕಾರ್ಡಿಯನ್ ಸಂಗೀತ ಹಾಕೋಣವೆಂದಿದ್ದೆ. ಹಾಕಿದರೆ ಅವಳು ಯಾಕೆ ಆಚೆ ಹೋಗುತ್ತಾಳೆಂದು ನೋಡುವವರಿಗೆ ತಿಳಿಯುವುದಿಲ್ಲ. ಧ್ವನಿ ಇರಲೆಂದು ಬಿಟ್ಟೆ.

ಮಾರ್ಚ್ 10, ಗುರುವಾರ

"ಶನಿವಾರ ಬೆಳಿಗ್ಗೆ ತೀರಾ ಬೇಗ ಎದ್ದುಬಿಡ್ಬೇಡಪ್ಪಾ," ಎಂದ ವಿಲ್ಲಿ, ಬೇಲಿಯಾಚೆಯಿಂದ. "ಸುಮ್ನೆ ಹೇಳ್ದೆ. ವಿಶೇಷ ಏನಿಲ್ಲ."

ನಾಳೆ ಥಿಸ್ಟೆಡ್‌ಗೆ ಹೋಗುತ್ತೇನೆ. ಡಿಸ್ಕ್ ಅವಳಿಗೆ ತೋರಿಸುತ್ತೇನೆ. ಮಾತಾಡುವುದು ನನಗೆ ಬರುವುದಿಲ್ಲ, ಡಿಸ್ಕ್ ಮಾತಾಡಲಿ. ಅವಳು ಬರದಿದ್ದರೆ ಶನಿವಾರ ಬಾಗಿಲು ತೆರೆಯುವವನು ನಾನೊಬ್ಬನೇ. ಅದನ್ನು ಯೋಚಿಸಲು ಆಗುತ್ತಿಲ್ಲ.

ಮಾರ್ಚ್ 13, ಭಾನುವಾರ

ಎರಡು ದಿನದ್ದು ಒಟ್ಟಿಗೆ ಬರೆಯುತ್ತಿದ್ದೇನೆ.

ಶುಕ್ರವಾರ ಮಧ್ಯಾಹ್ನ ರಿಗ್ಮೋರ್ ಬಾಗಿಲು ತೆರೆದಳು. ಒಳಗೆ ತಿರುಗಿ, "ಆಸ್ತಾ, ಹದಿನಾಲ್ಕು ಪರ್ಸೆಂಟ್ ಬಂದಿದೆ!" ಎಂದು ಕೂಗಿದಳು. ಕೋಟನ್ನೂ ಬಿಚ್ಚದೆ ಕೇಳಿಸಿಕೊಂಡೆ.

ಆಸ್ತಾ ಕಿಟಕಿಯ ಪಕ್ಕ ಕೂತು ಹೆಣೆಯುತ್ತಿದ್ದಳು. ಹೊಸ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

"ನಿಂಗೆ ಇಷ್ಟೊಂದು ಸುಕ್ಕಿತ್ತಾ? ನಂಗೆ ಗೊತ್ತೇ ಇರ್ಲಿಲ್ಲ."

"ಡಿಸ್ಕ್ ತಂದಿದ್ದೀನಿ," ಎಂದೆ.

ರಿಗ್ಮೋರಳ ಟೀವಿಯ ಕೆಳಗಿನ ಪೆಟ್ಟಿಗೆಗೆ ಹಾಕಿದೆ. ಅದು ಗುರ್ರ್ ಎಂದಿತು, ತಿರುಗಿತು, ನಿಂತಿತು. ತೆರೆಯ ಮೇಲೆ 'ಡಿಸ್ಕ್ ಇಲ್ಲ' ಎಂದು ಬಂತು. ತೆಗೆದು ಒರೆಸಿ ಹಾಕಿದೆ. ಡಿಸ್ಕ್ ಇಲ್ಲ. ನನ್ನ ಐದು ವಾರದ ಕೆಲಸ ಅದರ ಹೊಟ್ಟೆಯಲ್ಲೇ ಕೂತಿದೆ, ಇದು ಇಲ್ಲ ಎನ್ನುತ್ತದೆ! ಪೆಟ್ಟಿಗೆ ಹಳೆಯದು, ಮನೆಯಲ್ಲಿ ಮಾಡಿದ ಡಿಸ್ಕು ಅದಕ್ಕೆ ಸೇರುವುದಿಲ್ಲವಂತೆ. ರಿಗ್ಮೋರ್ ಹಿಂದಿನಿಂದ ಸಣ್ಣಗೆ ನಕ್ಕಳು. ಆಸ್ತಾ ಹೆಣಿಗೆ ಎತ್ತಿಕೊಂಡಳು.

ನನಗೆ ಅಳುವೇ ಬಂತು. ಎಪ್ಪತ್ಮೂರು ವರ್ಷದವನು, ಟೀವಿ ಮುಂದೆ ಮಂಡಿಯೂರಿ.

"ಅದ್ರಲ್ಲಿ ಏನಿತ್ತು?" ಎಂದು ಕೇಳಿದಳು ಆಸ್ತಾ.

ಬೇರೆ ದಾರಿಯಿರಲಿಲ್ಲ, ಯಂತ್ರದ ಕೆಲಸವನ್ನು ನಾನೇ ಬಾಯಲ್ಲಿ ಮಾಡಬೇಕಾಯಿತು. ಒಂದೊಂದೇ ಹೇಳಿದೆ. ಸೇತುವೆಯದು ಹೇಳಿದೆ. ಮೊದಲನೆಯದರಲ್ಲಿ ನೀನು ನಗ್ತಿದ್ದೆ, ಗಾಳಿಗೆ ಕೂದಲು ಬಾಯಿಗೆ ಬಂದಿತ್ತು, ಐದನೆಯದರಲ್ಲಿ ಕಣ್ಣು ನಗ್ತಿರ್ಲಿಲ್ಲ, ಏಳರಲ್ಲಿ ಬಾಯಿನೂ ಇಲ್ಲ, ಹತ್ತರಲ್ಲಿ ನೀನೇ ಇಲ್ಲ. ಹದಿನೇಳು ಬಾವುಟದ್ದೂ ಹೇಳಿದೆ. ಹನ್ನೊಂದು ನಿಮಿಷದ್ದನ್ನು ಒಂದೂವರೆ ಗಂಟೆ ಹೇಳಿದೆನೆಂದು ಆಮೇಲೆ ರಿಗ್ಮೋರ್ ಹೇಳಿದಳು. ನನಗೆ ಹೊತ್ತು ತಿಳಿಯಲಿಲ್ಲ. ಯಾವಾಗಲೋ ಹೆಣಿಗೆ ಕೆಳಗಿಟ್ಟಿದ್ದಳು.

"ನಾನು ನಿದ್ದೆ ಮಾಡೋದನ್ನ ನಾಲ್ಕು ನಿಮಿಷ ಯಾಕೆ ತೆಗೆದೆ?" ಎಂದು ಕೇಳಿದೆ.

"ನೀನು ಸುಮ್ನಿದ್ದಿದ್ದು ಅದೊಂದೇ ಸಲ," ಎಂದಳು. ಉಣ್ಣೆಯ ಉಂಡೆ ಸುತ್ತುತ್ತ, "ಚೆನ್ನಾಗಿ ಕಾಣಿಸ್ತಿದ್ದೆ, ಅದಕ್ಕೆ," ಎಂದಳು.

ಆಮೇಲೆ ಅವಳು ಮಾತಾಡಿದಳು. ಆಸ್ಪತ್ರೆಯದು, ಹೆದರಿದ್ದು, ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ರಿಗ್ಮೋರಳ ಮೀಸೆಯಂತೆ. ರಿಗ್ಮೋರ್ ಜಗಳಕ್ಕೆ ಬಂದಳು. ಹಂದಿಮಾಂಸದ ಊಟ, ಜೊತೆಗೆ ಸ್ನಾಪ್ಸ್. ಮೂರು ಲೋಟ ಕುಡಿದವನು ಕಾರು ಓಡಿಸಬಾರದು, ಸೋಫಾದ ಮೇಲೆ ಮಲಗಿದೆ.

ಮಲಗುವ ಮುಂಚೆ ಆಸ್ತಾ ಬಾಗಿಲಲ್ಲಿ ನಿಂತು, "ಐದೂವರೆಗೆ ಹೊರಡ್ಬೇಕು. ವಿಲ್ಲಿ ಏಳಕ್ಕೆ ಊದಿಸ್ತಾನೆ," ಎಂದಳು.

ಹೊರಟೆವು. ಆದರೆ ವಿಲ್ಲಿ ನಮಗಿಂತ ಮೊದಲೇ ಎದ್ದಿದ್ದ. ನಮ್ಮ ಬಾಗಿಲ ಮುಂದೆ ಆಗಲೇ ಹತ್ತು ಜನ, ಏಣಿ, ಸೊಪ್ಪು, ಸುತ್ತಿಗೆಯ ಸದ್ದು. ಒಳಗೆ ಮಲಗಿರಬೇಕಾದ ಗಂಡಹೆಂಡತಿ ಕಾರಿನಿಂದ ಇಳಿದರೆ ಊರಿಗೆಲ್ಲ ಕಥೆಯಾಗುತ್ತದೆ. ಇಗರ್ಜಿಯ ಹಿಂದೆ ಕಾರು ನಿಲ್ಲಿಸಿ ತೋಟದ ಬೇಲಿ ದಾಟಿ ಹಿಂಬದಿಗೆ ಬಂದೆವು. ಹಿಂಬಾಗಿಲಿಗೆ ನಾನೇ ಒಳಗಿನಿಂದ ಚಿಲಕ ಹಾಕಿದ್ದೆ. ಉಳಿದದ್ದು ಬಟ್ಟೆ ಒಗೆಯುವ ಕೋಣೆಯ ಕಿಟಕಿ.

"ಐವತ್ತು ವರ್ಷದ ಹಿಂದೆ ಹೊಸಿಲು ದಾಟಿಸೋವಾಗ್ಲೇ ನೀನು ಏದುಸಿರು ಬಿಟ್ಟಿದ್ದೆ," ಎಂದು ಆಸ್ತಾ ಪಿಸುಗುಟ್ಟಿದಳು.

"ಮಾತಾಡ್ಬೇಡ, ಕಾಲೆತ್ತು!"

ಅರ್ಧ ಒಳಗೆ ಅರ್ಧ ಹೊರಗೆ ಇದ್ದಾಗ ಅವಳಿಗೆ ನಗು ಬಂತು, ಜಾರಿ ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ಬಿದ್ದಳು. ನಾನು ಅವಳ ಮೇಲೆ ಬಿದ್ದೆ. ಕೋಟಿನ ಮೇಲೇ ನೈಟ್‌ಗೌನ್ ಏರಿಸಿಕೊಂಡು, ಕೂದಲು ಕೆದರಿಕೊಂಡು, ಏಳಕ್ಕೆ ಸರಿಯಾಗಿ ತುತ್ತೂರಿ ಊದಿದಾಗ ಬಾಗಿಲು ತೆರೆದೆವು. ಅಷ್ಟು ಚೆನ್ನಾಗಿ ಆಶ್ಚರ್ಯಪಟ್ಟವರನ್ನು ಈ ಬೀದಿ ಕಂಡಿಲ್ಲ. ಕಮಾನಿನ ಕೆಳಗೆ ನಿಂತು ಹಾಡು ಕೇಳುವಾಗ ಅವಳ ಕೈ ಹಿಡಿದುಕೊಂಡಿದ್ದೆ. ಬುಟ್ಟಿಯಿಂದ ಎತ್ತಿದಾಗ ಹಿಡಿದದ್ದು, ಬಿಡುವುದು ಮರೆತುಹೋಗಿತ್ತು.

"ಅಂತೂ ಸ್ನಾನ ಮುಗೀತು!" ಎಂದ ವಿಲ್ಲಿ.

"ಮುಗೀತಪ್ಪಾ," ಎಂದಳು ಆಸ್ತಾ. ಅವಳ ನೈಟ್‌ಗೌನಿನ ಕೆಳಗೆ ಬೂಟು ಕಾಣಿಸುತ್ತಿತ್ತು. ಎಲ್ಲರೂ ಮುಂದಿನ ಹಾಡು ಎತ್ತಿಕೊಂಡರು.

ಸಂಜೆ ಸಭಾಭವನದಲ್ಲಿ ಡಿಸ್ಕನ್ನು ಆಸ್ತಾ ತನ್ನ ಕೈಚೀಲದಿಂದ ಹೊರಗೆ ತೆಗೆಯಲೇ ಇಲ್ಲ. "ಇದು ಎಂಬತ್ತು ಜನಕ್ಕಲ್ಲ," ಎಂದಳು. ವಿಡಿಯೊ ಇರುವುದಿಲ್ಲವೆಂದು ನಾನು ಎದ್ದು ನಿಂತು ತಿಳಿಸಿದಾಗ ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಯಾಕೆಂದು ನನಗಿನ್ನೂ ಅರ್ಥವಾಗಿಲ್ಲ.

ವಿಲ್ಲಿ ನಿನ್ನೆ ಬೆಳಗಿನ ಹಾಡನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದಿದ್ದಾನೆ. ಬೀದಿಯವರಿಗೆಲ್ಲ ಡಿಸ್ಕ್ ಬೇಕಂತೆ, ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಇವತ್ತು ಊಟವಾದ ಮೇಲೆ ಶುರು ಮಾಡಿದೆ. ಈಗ ಶೇಕಡಾ ತೊಂಬತ್ತಾರು.

ಆಸ್ತಾ ಅಡುಗೆಮನೆಯಿಂದ ಏನೋ ಹೇಳುತ್ತಿದ್ದಾಳೆ. ಫ್ಯಾನಿನ ಸದ್ದಿನಲ್ಲಿ ಏನೆಂದು ಕೇಳಿಸುತ್ತಿಲ್ಲ. ನಡುವೆ ಆರಿಸಿದರೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು.

ಆರಿಸಿದೆ. ಏನಂತೆ, ಕೇಳಿಕೊಂಡು ಬರುತ್ತೇನೆ.